ತೊಟ್ಟಿಯ ತಳದ ಎಣ್ಣೆ

ಎಣ್ಣೆ ಕೊಳ್ಳುವುದಕ್ಕೆ ಹಣ ಕೊಡಬೇಕೆಂಬುದು ಎಲ್ಲರಿಗೂ ಗೊತ್ತು. ಮನೆಯಲ್ಲಿರುವ ಎಣ್ಣೆಯನ್ನು ಸಾಗಹಾಕುವುದಕ್ಕೂ ಹಣ ಕೊಡಬೇಕಾಗುತ್ತದೆಂಬ ಸಂಗತಿಯನ್ನು ನಾನು ಮೊದಲು ಕೇಳಿದ್ದು ನನ್ನ ಮಗಳ ಬಾಯಿಂದ. ಅವಳಿರುವುದು ಅಮೆರಿಕದ ಮ್ಯಾಸಚೂಸೆಟ್ಸ್ ಸಂಸ್ಥಾನದಲ್ಲಿ. ಚಳಿಗಾಲದಲ್ಲಿ ಮೊಣಕಾಲುದ್ದ ಹಿಮ ಬೀಳುವ ನಾಡು ಅದು. ಅಲ್ಲಿಯ ಹಳೆಯ ಮನೆಗಳ ನೆಲಮಾಳಿಗೆಯಲ್ಲಿ ಒಂದು ಕಬ್ಬಿಣದ ತೊಟ್ಟಿ ಇರುತ್ತದೆ. ಸಾಮಾನ್ಯವಾಗಿ 275 ಗ್ಯಾಲನ್, ನಮ್ಮ ಲೆಕ್ಕದಲ್ಲಿ ಸುಮಾರು 1,040 ಲೀಟರು ಹಿಡಿಯುವಂಥದು. ಅದರಲ್ಲಿ ಡೀಸೆಲಿನ ಒಡಹುಟ್ಟಿನಂಥ ಒಂದು ಎಣ್ಣೆ ತುಂಬಿಸಿ, ಅದನ್ನು ಉರಿಸಿ ಮನೆಯನ್ನೆಲ್ಲ ಬೆಚ್ಚಗಿಡುತ್ತಾರೆ. ತೆರಿಗೆ ಕೊಟ್ಟು ಕೊಳ್ಳಬೇಕಾದ ಡೀಸೆಲಿನ ಬದಲು ಯಾರೂ ಇದನ್ನು ಮೋಟಾರಿಗೆ ಹಾಕಬಾರದೆಂದು ಇದಕ್ಕೆ ಕೆಂಪು ಬಣ್ಣ ಬೆರೆಸಿರುತ್ತಾರಂತೆ. ನಮ್ಮಲ್ಲಿ ಪಡಿತರದ ಸೀಮೆಎಣ್ಣೆಗೆ ನೀಲಿ ಬಣ್ಣ ಬೆರೆಸುತ್ತಿದ್ದುದು ಓದುಗರಿಗೆ ನೆನಪಿರಬಹುದು. ಕಳ್ಳತನಕ್ಕೆ ಬಣ್ಣದ ಬೇಲಿ ಹಾಕುವ ಉಪಾಯ ಎರಡು ದೇಶಗಳಿಗೂ ಹೊಳೆದಿದೆ.

ಈಗ ಅವಳ ಮನೆಗೆ ವಿದ್ಯುತ್ತಿನಿಂದ ನಡೆಯುವ ಹೊಸ ಯಂತ್ರ ಬಂದಿದೆ. ತೊಟ್ಟಿಯಲ್ಲಿ ಕಾಲುಭಾಗ ಎಣ್ಣೆ ಉಳಿದಿದೆ. ಮಾರಿದ ವರ್ತಕ ಹಿಂದಕ್ಕೆ ಕೊಳ್ಳಲೊಲ್ಲ. ಚರಂಡಿಗೆ ಸುರಿದರೆ ಅಪರಾಧ. ತೊಟ್ಟಿಯನ್ನು ತೆಗೆಸಬೇಕಾದರೆ ಊರಿನ ಅಗ್ನಿಶಾಮಕ ಠಾಣೆಯ ಅನುಮತಿ ಬೇಕು. ತೆಗೆಯುವವರಿಗೆ ಹಣ ಕೊಡಬೇಕು. ತೆಗೆಸಿದ ಮೇಲೆ ಹೊರಗೋಡೆಯಲ್ಲಿರುವ, ಎಣ್ಣೆ ತುಂಬಿಸುವ ಕೊಳವೆಯನ್ನೂ ಮರೆಯದೆ ಕಿತ್ತು ಮುಚ್ಚಿಸಬೇಕು. ಮರೆತ ಮನೆಗಳಿಗೆ, ವಿಳಾಸ ತಪ್ಪಿ ಬಂದ ಲಾರಿಯವನು ಆ ಕೊಳವೆಗೆ ರಬ್ಬರು ನಳಿಗೆ ಸಿಕ್ಕಿಸಿ, ತೊಟ್ಟಿಯೇ ಇಲ್ಲದ ನೆಲಮಾಳಿಗೆಗೆ ನೂರಾರು ಗ್ಯಾಲನ್ ಎಣ್ಣೆ ಸುರಿದು ಹೋದದ್ದುಂಟಂತೆ.

ಇಷ್ಟೆಲ್ಲ ಹೇಳಿ ಅವಳು ನಕ್ಕಳು. “ಅಪ್ಪಾ, ಇದೇ ನಮ್ಮ ಚಳ್ಳಕೆರೆಯಲ್ಲಾಗಿದ್ದರೆ ತಳದ ಗಸಿಯ ಸಮೇತ ಯಾರಾದರೂ ದುಡ್ಡು ಕೊಟ್ಟು ಒಯ್ಯುತ್ತಿದ್ದರು” ಎಂದಳು. ನಾನೂ ಹೌದೆಂದೆ. ಆದರೆ ಫೋನು ಇಟ್ಟ ಮೇಲೆ ಆ ಮಾತು ಅಷ್ಟು ನಿಜವಲ್ಲವೆನಿಸಿತು. ನನ್ನ ಸೋದರಮಾವನ ಮಿಲ್ಲಿನ ತೊಟ್ಟಿ ಕಣ್ಣಮುಂದೆ ಬಂದು ನಿಂತಿತು. ಅದರ ವಿಷಯ ಹೇಳುವ ಮುನ್ನ ಎಣ್ಣೆಯ ಹಳೆಯ ಕಥೆಯನ್ನು ಸ್ವಲ್ಪ ಹೇಳಬೇಕು.

ಎಣ್ಣೆ ಎಂಬ ಮಾತಿನಲ್ಲೇ ಒಂದು ಚರಿತ್ರೆಯಿದೆ. ಎಳ್ಳು ಮತ್ತು ನೆಯ್ ಎಂಬ ಎರಡು ಶಬ್ದಗಳು ಸೇರಿ ಎಣ್ಣೆಯಾಯಿತೆಂದು ಪಂಡಿತರು ಹೇಳುತ್ತಾರೆ. ಎಳ್ಳಿನ ಜಿಡ್ಡೇ ನಮ್ಮವರಿಗೆ ಮೊದಲ ಎಣ್ಣೆ. ಸಂಸ್ಕೃತದ ತೈಲವೂ ತಿಲದಿಂದಲೇ ಬಂದದ್ದು. ಹಳೆಯ ಶಾಸನಗಳಲ್ಲಿ ಎಣ್ಣೆ ಹಿಂಡುವವರನ್ನು ತೆಲ್ಲಿಗರೆಂದು ಕರೆದಿದೆ. ತೆಲ್ಲಿಗರ ಐವತ್ತೊಕ್ಕಲು ಎಂಬ ಅವರ ಸಂಘದ ಹೆಸರೂ ಬರುತ್ತದೆ. ದೇವರ ನಂದಾದೀಪಕ್ಕೆ ಗಾಣವೊಂದಕ್ಕೆ ಇಷ್ಟು ಸೊಲ್ಲಗೆ ಎಣ್ಣೆಯೆಂದು ಬಿಟ್ಟ ದತ್ತಿಗಳು ಕನ್ನಡ ನಾಡಿನ ಉದ್ದಗಲಕ್ಕೂ ಇವೆ. ಗಾಣಕ್ಕೆ ತೆರಿಗೆಯಿತ್ತು, ಆ ತೆರಿಗೆಯನ್ನು ಬಿಟ್ಟುಕೊಟ್ಟು ಪುಣ್ಯ ಕಟ್ಟಿಕೊಂಡ ಅರಸರಿದ್ದರು. ಹೀಗೆ ಎಣ್ಣೆ ಹುಟ್ಟಿದ್ದಕ್ಕೆ, ಅಳೆದದ್ದಕ್ಕೆ, ಉರಿದದ್ದಕ್ಕೆ ಕಲ್ಲಿನ ಮೇಲೆ ಸಾಕ್ಷಿಯಿದೆ. ಗಾಣದ ತಳದಲ್ಲಿ ಉಳಿದ ಗಸಿ ಎಲ್ಲಿಗೆ ಹೋಯಿತೆಂಬುದನ್ನು ಮಾತ್ರ ಯಾರೂ ಕಲ್ಲಿನಲ್ಲಿ ಕೊರೆಸಲಿಲ್ಲ.

ಕೊರೆಸುವ ಅಗತ್ಯವೂ ಇರಲಿಲ್ಲವೆನ್ನಿ. ಗಸಿಗೆ ಅದರದೇ ದಾರಿಯಿತ್ತು. ಹಿಂಡಿ ದನಕ್ಕೆ ಹೋಗುತ್ತಿತ್ತು. ಬೇವು ಹೊಂಗೆಗಳ ಹಿಂಡಿ ಹೊಲಕ್ಕೆ. ಕಮಟುಹಿಡಿದ ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕರಿ ಕಲಸಿ ಗಾಡಿಯ ಅಚ್ಚಿಗೆ ಹಚ್ಚಿದರೆ ಅದು ಕೀಲೆಣ್ಣೆ. ಪ್ರತಿ ಗಾಡಿಯ ಅಡಿಯಲ್ಲೂ ತೂಗಾಡುತ್ತಿದ್ದ ಕೀಲೆಣ್ಣೆಯ ಗೊಟ್ಟವನ್ನು ನನ್ನ ವಯಸ್ಸಿನವರು ನೋಡಿದ್ದಾರೆ. ಕೆಟ್ಟ ಎಣ್ಣೆ ಎಂಬುದು ಬೇರೊಂದು ಕೆಲಸಕ್ಕೆ ಒಳ್ಳೆಯ ಎಣ್ಣೆಯಾಗಿತ್ತು, ಅಷ್ಟೆ. ಅದನ್ನು ಕೊಡುವವನಿಗೆ ತೆಗೆದುಕೊಳ್ಳುವವನ ಮುಖಪರಿಚಯವಿತ್ತು.

ಆಮೇಲೆ ಸೀಮೆಎಣ್ಣೆ ಬಂತು. ಹೆಸರೇ ಹೇಳುವಂತೆ ಅದು ಪರಸೀಮೆಯ ಎಣ್ಣೆ. 1892ನೆಯ ಇಸವಿ ನಮ್ಮ ಸೀಮೆಗೆ ಎರಡು ಕಾರಣಗಳಿಂದ ನೆನಪಿಡತಕ್ಕದ್ದು. ಆ ವರ್ಷ ಬಿ.ಎಲ್. ರೈಸ್ ಅವರು ಚಳ್ಳಕೆರೆಯ ನೆರೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳನ್ನು ಬೆಳಕಿಗೆ ತಂದರು. ಅದೇ ವರ್ಷದ ಆಗಸ್ಟಿನಲ್ಲಿ ಮ್ಯೂರೆಕ್ಸ್ ಎಂಬ ಹಡಗು ಹೊಟ್ಟೆತುಂಬ ಸೀಮೆಎಣ್ಣೆ ತುಂಬಿಕೊಂಡು ಸೂಯೆಜ್ ಕಾಲುವೆಯನ್ನು ದಾಟಿ ಪೂರ್ವಕ್ಕೆ ಬಂತು. ಅದಕ್ಕೆ ಮುಂಚೆ ಸೀಮೆಎಣ್ಣೆ ತಗಡಿನ ಡಬ್ಬಗಳಲ್ಲಿ, ಎರಡೆರಡು ಡಬ್ಬಗಳ ಮರದ ಪೆಟ್ಟಿಗೆಗಳಲ್ಲಿ ಬರುತ್ತಿತ್ತು. ಡಬ್ಬದ ಖರ್ಚು ಉಳಿದರೆ ಎಣ್ಣೆ ಅಗ್ಗವಾಗುತ್ತದೆ, ಅಗ್ಗವಾದರೆ ಜನ ಮುಗಿಬಿದ್ದು ಕೊಳ್ಳುತ್ತಾರೆ ಎಂಬುದು ಹಡಗಿನ ಒಡೆಯ ಮಾರ್ಕಸ್ ಸ್ಯಾಮ್ಯುಯೆಲನ ಎಣಿಕೆ. ಪೂರ್ವದೇಶಗಳ ಜನ ಕೊಳ್ಳಲಿಲ್ಲ! ಅವರಿಗೆ ಎಣ್ಣೆಯಷ್ಟೇ ಡಬ್ಬವೂ ಬೇಕಾಗಿತ್ತು. ಕೊನೆಗೆ ಸ್ಯಾಮ್ಯುಯೆಲನು ಪೂರ್ವದ ಬಂದರುಗಳಲ್ಲೇ ಡಬ್ಬ ತಯಾರಿಸಿ ಎಣ್ಣೆ ತುಂಬಿಸಿ ಮಾರಬೇಕಾಯಿತು. ಎದುರಾಳಿ ಅಮೆರಿಕನ್ ಕಂಪೆನಿಯ ಡಬ್ಬ ನೀಲಿ, ಇವನದು ಕೆಂಪು.

ಈ ಕಥೆಯನ್ನು ಓದಿದಾಗ ನಾನು ಆಶ್ಚರ್ಯಪಡಲಿಲ್ಲ. ನಮ್ಮ ಅಜ್ಜಿಯ ಮನೆಯಲ್ಲಿ ನೀರು ಹೊರುತ್ತಿದ್ದುದು ಸೀಮೆಎಣ್ಣೆಯ ಡಬ್ಬದಲ್ಲಿ. ರಾಗಿಹಿಟ್ಟು ತುಂಬುತ್ತಿದ್ದುದು ಅದರಲ್ಲೇ. ಬಚ್ಚಲಿನ ಬಾಗಿಲಿಗೆ ಹೊಡೆದಿದ್ದ ತಗಡೂ ಅದೇ. ಡಬ್ಬದ ಬಾಯಿ ಕತ್ತರಿಸಿ ಅಡ್ಡಕ್ಕೊಂದು ಕೋಲು ಬಡಿದು ಕೊಡುವ ತಗಡಿನ ಕೆಲಸದವನು ಸಂತೆಯಲ್ಲಿ ಒಂದು ಮರದಡಿ ಕೂತಿರುತ್ತಿದ್ದ. ಡಬ್ಬದ ತಳದಲ್ಲಿ ಉಳಿದ ಗುಟುಕು ಸೀಮೆಎಣ್ಣೆ ಗೆದ್ದಲಿಗೆ, ಇಲ್ಲವೇ ನಿಂತ ನೀರಿನ ಸೊಳ್ಳೆಗೆ. ಮಲೇರಿಯಾ ತಡೆಯಲು ಗುಂಡಿಗಳಿಗೆ ಎಣ್ಣೆ ಸುರಿಯುವುದು ಆ ಕಾಲದ ಆರೋಗ್ಯ ಇಲಾಖೆಗಳು ತಾವೇ ಕಲಿಸಿದ ಪಾಠವಾಗಿತ್ತು. ಎಣ್ಣೆ ನೀರಿನ ಮೇಲೆ ತೆಳ್ಳಗೆ ಹರಡಿ ಸೊಳ್ಳೆಮರಿಯ ಉಸಿರು ಕಟ್ಟುತ್ತದೆ. ಕೆರೆಯ ಮೀನಿಗೂ ಬಾವಿಯ ನೀರಿಗೂ ಆ ಎಣ್ಣೆಯೇ ಕೇಡೆಂಬ ತಿಳಿವಳಿಕೆ ಆಮೇಲೆ ಬಂದದ್ದು.

ಇನ್ನು ಚಳ್ಳಕೆರೆ. ವರ್ಷಕ್ಕೆ 500 ಮಿಲಿಮೀಟರು ಮಳೆ ಕಂಡರೆ ಜನ ದೇವರಿಗೆ ಕೈಮುಗಿಯುವ ಸೀಮೆ ನಮ್ಮದು. ಇಲ್ಲಿಯ ಕೆಂಪು ಮರಳುಮಣ್ಣಿಗೆ ಒಗ್ಗಿದ ಬೆಳೆ ಶೇಂಗಾ. ದಕ್ಷಿಣ ಅಮೆರಿಕದಲ್ಲಿ ಹುಟ್ಟಿ, ಪೋರ್ತುಗೀಸರ ಹಡಗಿನಲ್ಲಿ ಹೊರಜಗತ್ತಿಗೆ ಬಂದು, ನೆಲದ ಮೇಲೆ ಹೂಬಿಟ್ಟು ನೆಲದೊಳಗೆ ಕಾಯಾಗುವ ಈ ಪರದೇಶಿ ಗಿಡ ನಮ್ಮೂರಿನ ಭಾಗ್ಯದೇವತೆಯಾಯಿತು. ಅದರ ಬೀಜದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಎಣ್ಣೆ. ಎತ್ತಿನ ಗಾಣದ ಜಾಗಕ್ಕೆ ಎಕ್ಸ್‌ಪೆಲ್ಲರ್ ಯಂತ್ರ ಬಂತು. 1900ರಲ್ಲಿ ಅಮೆರಿಕದ ವಲೇರಿಯಸ್ ಆಂಡರ್ಸನ್ ಹಕ್ಕುಪತ್ರ ಪಡೆದ, ತಿರುಪಿನಂತೆ ತಿರುಗುತ್ತ ಬೀಜವನ್ನು ಅದುಮುವ ಯಂತ್ರ. ಊರಿನ ನಾಲ್ಕೂ ದಿಕ್ಕಿಗೆ ಮಿಲ್ಲುಗಳೆದ್ದವು. ಎಣ್ಣೆಯ ವ್ಯಾಪಾರದಲ್ಲಿ ಮುಂಬಯಿ ಬಿಟ್ಟರೆ ಚಳ್ಳಕೆರೆಯೇ ಎಂದು ನಮ್ಮವರು ಹೇಳಿಕೊಳ್ಳುತ್ತಿದ್ದರು. ಎಣ್ಣೆಯ ನಗರವೆಂಬ ಬಿರುದು ಇಂದಿಗೂ ಉಳಿದಿದೆ. ನಾನು ಹೈಸ್ಕೂಲಿನಲ್ಲಿದ್ದಾಗ ಬಸ್ಸಿನಲ್ಲಿ ಕಣ್ಣುಮುಚ್ಚಿ ಕೂತಿದ್ದರೂ ಊರು ಬಂತೆಂದು ಮೂಗು ಹೇಳುತ್ತಿತ್ತು.

ಮಾವನದು ಸಣ್ಣ ಮಿಲ್ಲು. ಎರಡು ಎಕ್ಸ್‌ಪೆಲ್ಲರುಗಳು, ಒಂದು ಅಂಗಳ, ಅಂಗಳದ ಮೂಲೆಯಲ್ಲಿ ಎರಡಾಳೆತ್ತರದ ಕಬ್ಬಿಣದ ತೊಟ್ಟಿ. ಅಲ್ಲಿಯೂ ಏನೂ ದಂಡವಾಗುತ್ತಿರಲಿಲ್ಲ. ಶೇಂಗಾ ಸಿಪ್ಪೆ ಒಲೆಗೆ. ಹಿಂಡಿಯಲ್ಲಿ ಇನ್ನೂ ನೂರಕ್ಕೆ ಆರೇಳು ಪಾಲು ಎಣ್ಣೆ ಉಳಿದಿರುತ್ತದೆ. ಅದನ್ನು ದ್ರಾವಕದಲ್ಲಿ ನೆನೆಸಿ ತೆಗೆಯುವ ದೊಡ್ಡ ಕಾರಖಾನೆಗಳಿಗೆ ಹಿಂಡಿಯ ಲಾರಿಗಳು ಹೋಗುತ್ತಿದ್ದವು. ತೊಟ್ಟಿಯ ತಳದ ಗಸಿಯನ್ನು ವರ್ಷಕ್ಕೊಮ್ಮೆ ಬಟ್ಟೆಸೋಪು ಮಾಡುವವರು ಒಯ್ಯುತ್ತಿದ್ದರು. ಮಾವ ಅದರ ಲೆಕ್ಕವನ್ನೂ ಬೇರೆ ಪುಸ್ತಕದಲ್ಲಿ ಬರೆದಿಡುತ್ತಿದ್ದ. “ಎಣ್ಣೆ ಮಾರಿದ ದುಡ್ಡು ಸಾಲಗಾರರಿಗೆ, ಗಸಿ ಮಾರಿದ ದುಡ್ಡು ನಿಮ್ಮತ್ತೆಗೆ” ಎಂದು ನಗುತ್ತಿದ್ದ.

ಆಮೇಲೆ ನಡೆದದ್ದು ಎಲ್ಲರಿಗೂ ತಿಳಿದದ್ದೆ. ಸಾಲುಸಾಲಾಗಿ ಬರ ಬಂದವು. 1994ರಿಂದೀಚೆಗೆ ಖಾದ್ಯತೈಲದ ಆಮದಿಗೆ ಬಾಗಿಲು ತೆರೆಯಿತು. ಮಲೇಶಿಯಾ, ಇಂಡೋನೇಶಿಯಾಗಳ ತಾಳೆಎಣ್ಣೆ ಹಡಗುಗಟ್ಟಲೆ ಬಂದಿಳಿಯಿತು. ಅದರ ಬೆಲೆಗೆ ಶೇಂಗಾ ಎಣ್ಣೆ ಮಾರಲಾರದೆ ಚಳ್ಳಕೆರೆಯ ಮಿಲ್ಲುಗಳು ಒಂದೊಂದಾಗಿ ಬಾಗಿಲು ಹಾಕಿದವು. ಮಾವನದೂ ನಿಂತಿತು. ಯಂತ್ರಗಳು ಮಾರಾಟವಾದವು. ತೊಟ್ಟಿ ಉಳಿಯಿತು. ಮುಚ್ಚಳ ಬಿಗಿದು, ತಳದಲ್ಲಿ ಮೊಳದಷ್ಟು ಎಣ್ಣೆಯನ್ನಿಟ್ಟುಕೊಂಡು, ಬಿಸಿಲಿನಲ್ಲಿ ವರ್ಷಗಟ್ಟಲೆ ನಿಂತಿತ್ತು. ಗಸಿ ಕೊಳ್ಳುತ್ತಿದ್ದ ಸೋಪಿನವರು ಆ ವೇಳೆಗೆ ಕಸಬು ಬಿಟ್ಟಿದ್ದರು. ಗಾಡಿಗಳು ರಬ್ಬರು ಚಕ್ರ ಹಾಕಿಕೊಂಡಿದ್ದವು. ಮನೆಗಳಲ್ಲಿ ಗ್ಯಾಸು ಬಂದಿತ್ತು; ಪಡಿತರದ ಸೀಮೆಎಣ್ಣೆಗೆ ಕೇಂದ್ರ ಸರ್ಕಾರ ಕೊಡುತ್ತಿದ್ದ ಸಹಾಯಧನವೂ 2020ರ ಮಾರ್ಚಿನ ಹೊತ್ತಿಗೆ ಮುಗಿದೇ ಹೋಯಿತು. ಎಣ್ಣೆಯ ತಳವನ್ನು ಕೈಯಿಂದ ಕೈಗೆ ಸಾಗಿಸುತ್ತಿದ್ದ ಜನರ ಸಾಲು ಹೀಗೆ ಅಲ್ಲಲ್ಲಿ ಕಡಿದುಹೋಯಿತು.

ಮಾವ ತೀರಿಕೊಂಡ ಮೇಲೆ ಜಾಗ ಮಾರುವುದೆಂದು ನಿಶ್ಚಯವಾಯಿತು. ಮನೆಯಲ್ಲಿ ಬಿಡುವಾಗಿದ್ದವನು ನಾನೊಬ್ಬನೆ. ಆದ್ದರಿಂದ ತೊಟ್ಟಿ ಸಾಗಹಾಕುವ ಕೆಲಸ ನನ್ನ ತಲೆಗೆ ಬಂತು. ಗುಜರಿಯವನೊಬ್ಬನನ್ನು ಕರೆಸಿದೆ. ಕಬ್ಬಿಣಕ್ಕೆ ಇಷ್ಟೆಂದು ಅವನು, ಇನ್ನಷ್ಟೆಂದು ನಾನು, ಅರ್ಧ ಗಂಟೆ ಚೌಕಾಸಿ ಮಾಡಿದೆವು. ಒಳಗಿನ ಗಸಿಯನ್ನು ಬಳಿದು ತೆಗೆಯುವ ಕೂಲಿ ಅವನದೇ ಎಂದು ನಾನು ಗೆದ್ದೆ. ಗೆದ್ದ ಸಂತೋಷದಲ್ಲಿ, ಬಳಿಯುವವರು ಯಾರು ಎಂದು ಕೇಳಲಿಲ್ಲ.

ಮರುದಿನ ಬೆಳಗ್ಗೆ ಅವನ ಜೊತೆ ಹದಿನೇಳು ಹದಿನೆಂಟರ ಹುಡುಗನೊಬ್ಬ ಬಂದ. ಅಂಗಿ ಬಿಚ್ಚಿ ಗೇಟಿಗೆ ಸಿಕ್ಕಿಸಿ, ಕೈಯಲ್ಲೊಂದು ಬಕೀಟು ಹಿಡಿದು, ಏಣಿ ಹತ್ತಿದ. ಮುಚ್ಚಳದ ಬೋಲ್ಟುಗಳನ್ನು ಬಿಚ್ಚಿ ಆಗಿತ್ತು. ಬೇಗ ಇಳಿ, ಬಿಸಿಲೇರುತ್ತದೆ ಎಂದು ಕೆಳಗಿನಿಂದ ಕೂಗಿದವನು ನಾನೇ. ಮಾವನ ಕಾಲದ ಮೇಸ್ತ್ರಿ, ಎಂಬತ್ತು ದಾಟಿದ ಮುದುಕ, ಸುಮ್ಮನೆ ನೋಡಲು ಬಂದವನು ಗೋಡೆಗೊರಗಿ ನಿಂತಿದ್ದ. ಅವನು ಕೋಲೆತ್ತಿ ಏಣಿಗೆ ಬಡಿದ. ನನ್ನ ಕಡೆ ತಿರುಗಿ, “ಹಗೇವಿನ ಬಾಯಿ ತೆಗೆದ ಕೂಡಲೆ ಯಾರಾದರೂ ಮಗನನ್ನು ಇಳಿಸುತ್ತಾರೇನ್ರೀ?” ಎಂದ.

ಹಗೇವು ಎಂದರೆ ಪೇಟೆಯ ಇಂದಿನ ಓದುಗರಿಗೆ ತಿಳಿಯಲಿಕ್ಕಿಲ್ಲ. ನೆಲದೊಳಗೆ ತೋಡಿ, ಹುಲ್ಲು ಹಾಸಿ, ಜೋಳ ರಾಗಿ ತುಂಬಿ ಬಾಯಿ ಮುಚ್ಚಿಡುವ ಕಣಜ ಅದು. ಒಳಗಿನ ಕಾಳು ಉಸಿರಾಡಿ ಉಸಿರಾಡಿ ಗಾಳಿಯ ಪ್ರಾಣವನ್ನು ತಿಂದುಬಿಟ್ಟಿರುತ್ತದೆ. ಬಾಯಿ ತೆಗೆದೊಡನೆ ಇಳಿದವನು ಮೇಲಕ್ಕೆ ಬರುವುದಿಲ್ಲ. ಅವನನ್ನು ಎತ್ತಲು ಇಳಿದವನೂ ಬರುವುದಿಲ್ಲ. ಅದಕ್ಕೇ ಹಿರಿಯರು ಬಾಯಿ ತೆರೆದು ಬಹಳ ಹೊತ್ತು ಬಿಟ್ಟು, ಆಮೇಲೆ ದೀಪವನ್ನು ಹಗ್ಗದಲ್ಲಿ ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಆಳನ್ನು ಇಳಿಸುತ್ತಿದ್ದರು. ಮುಚ್ಚಿದ ತೊಟ್ಟಿಯಲ್ಲಿ ಕೊಳೆತ ಎಣ್ಣೆಯೂ ತುಕ್ಕು ಹಿಡಿಯುವ ಕಬ್ಬಿಣವೂ ಮಾಡುವುದು ಅದನ್ನೇ. ಕೊಳೆತ ಗಸಿ ಇನ್ನೂ ಕೆಟ್ಟ ವಿಷಗಾಳಿಯನ್ನು ಬಿಡುವುದೂ ಉಂಟು; ಅದನ್ನು ದೀಪ ತೋರಿಸಿಕೊಡಲಾರದು. ಸೀಮೆಎಣ್ಣೆ ಡೀಸೆಲುಗಳ ತೊಟ್ಟಿಗಂತೂ ದೀಪವೇ ಮೃತ್ಯು. ತುಂಬಿದ ಪೀಪಾಯಿಗಿಂತ ಬರಿದಾದ ಪೀಪಾಯಿ ಹೆಚ್ಚು ಅಪಾಯವೆಂದು ಗ್ಯಾಸುಕಟ್ಟರಿನ ಕೆಲಸದವರು ಬಲ್ಲರು, ಏಕೆಂದರೆ ಉರಿಯುವುದು ಎಣ್ಣೆಯ ಆವಿ.

ಇದೆಲ್ಲ ಊಹೆಯ ಮಾತಲ್ಲ. 2023ರ ಫೆಬ್ರವರಿ 9ರಂದು ಆಂಧ್ರದ ಕಾಕಿನಾಡ ಜಿಲ್ಲೆಯಲ್ಲಿ, ಪೆದ್ದಾಪುರದ ಬಳಿಯ ಖಾದ್ಯತೈಲದ ಕಾರಖಾನೆಯೊಂದರಲ್ಲಿ, ತೊಟ್ಟಿ ಶುಚಿಮಾಡಲು ಇಳಿದ ಏಳು ಮಂದಿ ಕೆಲಸಗಾರರು ಉಸಿರುಕಟ್ಟಿ ತೀರಿಕೊಂಡರು. ಅಡಿಗೆಯ ಎಣ್ಣೆ, ವಿಷವಲ್ಲ, ಬೆಂಕಿಯೂ ಅಲ್ಲ. ಆದರೂ ಏಳು ಜನ. ಆ ದಿನದ ಸುದ್ದಿಯನ್ನು ಓದಿದಾಗ ನನಗೆ ಗೇಟಿಗೆ ಸಿಕ್ಕಿಸಿದ್ದ ಆ ಹುಡುಗನ ಅಂಗಿ ನೆನಪಾಯಿತು.

1948ರ ನಮ್ಮ ಕಾರಖಾನೆಗಳ ಕಾಯಿದೆಯ 36ನೆಯ ಕಲಮು ಈ ವಿಷಯವನ್ನು ಮರೆತಿರಲಿಲ್ಲ. ವಿಷಗಾಳಿಯಿರಬಹುದಾದ ತೊಟ್ಟಿಗೆ ಯಾರನ್ನೂ ಸುಮ್ಮನೆ ಇಳಿಸಕೂಡದು. ಒಳಗಿನ ಗಾಳಿಯನ್ನು ಬಲ್ಲವನೊಬ್ಬ ಪರೀಕ್ಷಿಸಿ ಬರೆದುಕೊಡಬೇಕು, ಇಲ್ಲವೇ ಇಳಿಯುವವನು ಉಸಿರಾಟದ ಉಪಕರಣ ಧರಿಸಿ ಸೊಂಟಕ್ಕೆ ಹಗ್ಗ ಬಿಗಿದುಕೊಂಡಿರಬೇಕು, ಆ ಹಗ್ಗದ ಇನ್ನೊಂದು ತುದಿಯನ್ನು ಹೊರಗೆ ನಿಂತವನೊಬ್ಬ ಹಿಡಿದಿರಬೇಕು ಎಂದು ಅದು ವಿಧಿಸಿತ್ತು. ನಾನು ಕಾನೂನು ಓದಿದವನಲ್ಲ. ಆದರೆ ಆ ಹಗ್ಗದ ಮಾತು ನನಗೆ ಬಹಳ ಹಿಡಿಸಿತು. ಒಳಗಿರುವವನನ್ನು ಹೊರಗಿರುವವನೊಬ್ಬ ಹಿಡಿದುಕೊಂಡಿರತಕ್ಕದ್ದು! ಹಗೇವಿನ ಸುತ್ತ ನಿಂತ ನಮ್ಮ ಹಿರಿಯರು ಕಾನೂನಿಲ್ಲದೆಯೇ ಮಾಡುತ್ತಿದ್ದುದು ಇದನ್ನೇ.

ಒಬ್ಬರು ಸಾಗಹಾಕಿದ ಎಣ್ಣೆ ಕಾಣದ ಇನ್ನೊಬ್ಬರ ಮೈಗೆ ಸೇರಿದ ಇನ್ನೂ ದೊಡ್ಡ ಕಥೆಯೊಂದಿದೆ. 1959ರಲ್ಲಿ ಮೊರಾಕೊ ದೇಶದ ಮೆಕ್ನೆಸ್ ಎಂಬ ಊರಿನಲ್ಲಿ ಜನ ಇದ್ದಕ್ಕಿದ್ದಂತೆ ಕಾಲು ಸ್ವಾಧೀನ ತಪ್ಪಿ ಬೀಳತೊಡಗಿದರು. ಸುಮಾರು 10,000 ಮಂದಿ ಪಾರ್ಶ್ವವಾಯು ಬಡಿದವರಂತಾದರು. ವಿಚಾರಿಸಿದಾಗ ತಿಳಿದದ್ದು ಇಷ್ಟು: ಕಸಬ್ಲಾಂಕಾ ಬಳಿಯ ಅಮೆರಿಕನ್ ವಿಮಾನನೆಲೆಯಲ್ಲಿ ಜೆಟ್ ಯಂತ್ರಗಳಿಗೆಂದು ತರಿಸಿದ್ದ ಎಣ್ಣೆ ಮಿಕ್ಕಿತ್ತು. ಮಿಕ್ಕದ್ದನ್ನು ವರ್ತಕರಿಗೆ ಮಾರಿದರು. ದುರಾಸೆಯ ಕೆಲವರು ಅದನ್ನು ಅಡಿಗೆಯ ಎಣ್ಣೆಗೆ ಬೆರೆಸಿ ಬಡವರಿಗೆ ಮಾರಿದರು. ವಿಮಾನನೆಲೆಯ ಉಗ್ರಾಣದವನ ಪುಸ್ತಕದಲ್ಲಿ ಆ ಎಣ್ಣೆ ಸರಿಯಾಗಿಯೇ ವಿಲೇವಾರಿಯಾಗಿತ್ತು. ಅದು ಮುಂದೆ ಯಾರ ಕೈಗೆ ಹೋಯಿತೆಂಬ ಕಾಲಮು ಮಾತ್ರ ಆ ಪುಸ್ತಕದಲ್ಲಿರಲಿಲ್ಲ.

ಈಗ ನಿಯಮಗಳಿವೆ. ಯಂತ್ರಗಳಿಂದ ಬಸಿದ ಹಳೆಯ ಎಣ್ಣೆ ಅಪಾಯಕಾರಿ ತ್ಯಾಜ್ಯವೆಂದು ನಮ್ಮ ದೇಶದಲ್ಲೂ ಗಣನೆಗೆ ಬಂದಿದೆ. 1989ರಲ್ಲಿ ಮೊದಲ ನಿಯಮಾವಳಿ ಬಂತು, 2016ರಲ್ಲಿ ಹೊಸದು. ಕಾರಖಾನೆಗಳು ಅದನ್ನು ಅಧಿಕೃತವಾಗಿ ಶುದ್ಧೀಕರಿಸುವವರಿಗೇ ಕೊಡತಕ್ಕದ್ದು. ಕರಿದು ಕರಿದು ಕೆಟ್ಟ ಅಡಿಗೆಯೆಣ್ಣೆಯನ್ನು ಹೋಟೆಲುಗಳಿಂದ ಸಂಗ್ರಹಿಸಿ ಡೀಸೆಲಿನಂಥ ಇಂಧನ ಮಾಡುವ ಏರ್ಪಾಟು 2018ರಲ್ಲಿ ಮೊದಲಾಯಿತು. ಒಳ್ಳೆಯದೇ. ಮಗಳ ಊರಿನ ಅನುಮತಿ, ಶುಲ್ಕ, ರಸೀತಿಗಳೂ ಇದೇ ಜಾತಿಯವು. ಕಡಿದುಹೋದ ಕೈಗಳ ಸಾಲನ್ನು ಕಾಗದದಿಂದ ಮತ್ತೆ ಜೋಡಿಸುವ ಪ್ರಯತ್ನ ಅದು. ಕೀಲೆಣ್ಣೆಯ ಕಾಲದಲ್ಲಿ ಕಾಗದ ಬೇಕಿರಲಿಲ್ಲ. ಹಾಗೆಂದು ಆ ಕಾಲವನ್ನು ಹೊಗಳುತ್ತ ಕೂತರೆ ಮುಂದಿನ ತೊಟ್ಟಿಯೊಳಗೆ ಇಳಿಯುವ ಹುಡುಗ ಬದುಕಿ ಬರುವುದಿಲ್ಲ.

ನಮ್ಮ ತೊಟ್ಟಿಯ ಕಥೆಯನ್ನು ಮುಗಿಸುತ್ತೇನೆ. ಹುಡುಗ ಏಣಿಯಿಂದಿಳಿದ. ಗುಜರಿಯವನು ಗೊಣಗಿದ, ಅವನಿಗೆ ಹೆಚ್ಚಿನ ಕೂಲಿ ಕೊಟ್ಟೆ. ಮೇಸ್ತ್ರಿ ಹೇಳಿದಂತೆ ತಳದ ಬಾಗಿಲನ್ನೂ ಬಿಚ್ಚಿಸಿ ಮೂರು ದಿನ ಗಾಳಿಗೆ ಬಿಟ್ಟೆವು. ತೆಳುವಾದ ಎಣ್ಣೆ ತಾನಾಗಿ ಪೀಪಾಯಿಗಿಳಿಯಿತು. ತೊಳೆಯೋಣವೆಂದರೆ ನೀರನ್ನು ಟ್ಯಾಂಕರಿನಲ್ಲಿ ಕೊಳ್ಳುವ ಊರು. ತೊಳೆದ ನೀರನ್ನು ಬಿಡುವುದೆಲ್ಲಿಗೆ ಎಂಬ ಚಿಂತೆ ಬೇರೆ. ಮೇಸ್ತ್ರಿ ಎರಡು ಗಾಡಿ ಶೇಂಗಾ ಸಿಪ್ಪೆ ತರಿಸಿ ಒಳಗೆ ಎರಚಿಸಿದ. ಅದು ಗಸಿಯನ್ನೆಲ್ಲ ಹೀರಿಕೊಂಡ ಮೇಲೆ, ಉದ್ದ ಬಿದಿರಿಗೆ ಕಟ್ಟಿದ ಗೋರುಮಣೆಯಿಂದ ಹೊರಗೆ ನಿಂತೇ ಎಳೆದು ಹಾಕಿದರು. ಒಬ್ಬರೂ ಒಳಗೆ ಕಾಲಿಡಲಿಲ್ಲ. ಆ ಸಿಪ್ಪೆ ಇಟ್ಟಿಗೆಗೂಡಿಗೆ ಹೋಯಿತು. ಪೀಪಾಯಿಯ ಎಣ್ಣೆಯನ್ನು ದೂರದ ಸೋಪಿನ ಕಾರಖಾನೆಯವರು ಒಯ್ದರು. ಅಡಿಗೆಗೆ ತಕ್ಕದ್ದಲ್ಲವೆಂದು ರಸೀತಿಯಲ್ಲಿ ನಾನೇ ಕೇಳಿ ಬರೆಸಿದೆ. ತೊಟ್ಟಿಯನ್ನು ಅಲ್ಲೇ ಕತ್ತರಿಸದೆ ಕ್ರೇನಿನಿಂದೆತ್ತಿ ಇಡಿಯಾಗಿ ಲಾರಿಗೇರಿಸಿದರು. ಇಷ್ಟೆಲ್ಲ ಆಗಿ ಲೆಕ್ಕ ನೋಡಿದಾಗ ಕಬ್ಬಿಣ ಮಾರಿ ಬಂದ ಹಣಕ್ಕಿಂತ ನನ್ನ ಖರ್ಚು ಹೆಚ್ಚಾಗಿತ್ತು. ಚಳ್ಳಕೆರೆಯಲ್ಲೂ ಎಣ್ಣೆ ಸಾಗಹಾಕುವುದಕ್ಕೆ ಹಣ ಕೊಟ್ಟದ್ದಾಯಿತು.

ಮೊನ್ನೆ ಮಗಳಿಗೆ ಮತ್ತೆ ಫೋನು ಮಾಡಿ ಇದನ್ನೆಲ್ಲ ಹೇಳಿದೆ. ಅವಳ ಮನೆಯ ತೊಟ್ಟಿಯನ್ನು ಮುಂದಿನ ವಾರ ತೆಗೆಯುತ್ತಾರಂತೆ. ಎಷ್ಟು ಕೇಳುತ್ತಾರೆಂದು ಈ ಸಲ ನಾನು ವಿಚಾರಿಸಲಿಲ್ಲ. ತೆಗೆಯಲು ಎಷ್ಟು ಜನ ಬರುತ್ತಾರೆ, ಎಣ್ಣೆ ಎಲ್ಲಿಗೆ ಹೋಗುತ್ತದೆ ಎಂದು ಕೇಳಿದೆ. ಇಬ್ಬರು ಬರುತ್ತಾರೆ, ಎಣ್ಣೆಯ ವಿಷಯ ಕೇಳಿ ಹೇಳುತ್ತೇನೆ ಎಂದಳು.